ಯುದ್ಧವನ್ನೇ ಕಾಣದ ಕೋಟೆಯವರ ಸನ್ನಿಧಿಗೆ

ಗೆ,
ಅಳಿವೆಯ ಬಾಯಲ್ಲಿ ಕಡಲಿಗೆ ಮುಖಮಾಡಿ, ಊರಿಗೆ ಬೆನ್ನು ಹಾಕಿ, ಬೇಲಿ, ಬೋರ್ಡು, ಕಾವಲುಗಾರರ ಸಮೇತ ವಿರಾಜಮಾನರಾಗಿರುವ ಸಂರಕ್ಷಿತ ಕೋಟೆಯವರಿಗೆ.

ಇಂದ,
ತಮ್ಮ ಹೆಬ್ಬಾಗಿಲಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುವ, ಮೊನ್ನೆಯವರೆಗೂ ತಮ್ಮ ಏಕೈಕ ಅಧಿಕೃತ ಗೈಡು ಆಗಿದ್ದವಳು.

ವಿಷಯ: ತಾವು ಹುಟ್ಟಿದಂದಿನಿಂದ ಒಂದು ಯುದ್ಧವನ್ನೂ ಮಾಡದೆ ಇದ್ದುದರಿಂದ ನಮ್ಮ ಮಾವನಿಗೆ ಆಗಿರುವ ತೊಂದರೆಯ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮಗೆ ನನ್ನ ಗೌರವಪೂರ್ವಕ ನಮಸ್ಕಾರಗಳು. ತಮ್ಮ ಬುರುಜುಗಳು, ಅವುಗಳ ಬಿರುಕಿನಲ್ಲಿ ಬೇರುಬಿಟ್ಟ ಗಿಡಗಳು, ಗೋಡೆಯ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತಗಳು, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇವತ್ತು ಬೆಳಿಗ್ಗೆಯೂ ಬಂದು ಸುತ್ತು ಹಾಕಿರುವುದರಿಂದ ತಾವು ಕ್ಷೇಮವಾಗಿಯೇ ಇದ್ದೀರೆಂಬುದು ನನಗೆ ಗೊತ್ತು. ಆದರೂ ಕಾಗದದಲ್ಲಿ ಕೇಳುವುದು ಮರ್ಯಾದೆ. ತಾವು ಉತ್ತರ ಬರೆಯುವ ಪೈಕಿ ಅಲ್ಲ ಎಂಬುದೂ ಗೊತ್ತಿದೆ. ಆದ್ದರಿಂದಲೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ತಮ್ಮನ್ನು ನೋಡಲು ಬಂದವರಾದರೂ ಓದಲಿ.

ದೂರಿಗೆ ಮುಂಚೆ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ನಾನು ಶಾಲೆ ಬಿಟ್ಟದ್ದು ಗಣಿತದ ಕಾಟ ತಾಳಲಾರದೆ ಎಂದು ನಮ್ಮ ಮನೆಯವರೆಲ್ಲ ಈವರೆಗೂ ನಂಬಿದ್ದಾರೆ, ನಾನೂ ಅದನ್ನು ತಿದ್ದಲು ಹೋಗಿಲ್ಲ. ನಿಜ ಹೇಳಬೇಕೆಂದರೆ ಗಣಿತಕ್ಕೂ ನನಗೂ ಯಾವ ಜಗಳವೂ ಇರಲಿಲ್ಲ. ನಾನು ಶಾಲೆ ಬಿಟ್ಟದ್ದು ತಮ್ಮ ದೆಸೆಯಿಂದ. ಒಂಬತ್ತನೇ ತರಗತಿಯ ಚರಿತ್ರೆಯ ಪರೀಕ್ಷೆಯಲ್ಲಿ ‘ನಮ್ಮ ಊರಿನ ಕೋಟೆಯಲ್ಲಿ ನಡೆದ ಮಹಾಯುದ್ಧವನ್ನು ವರ್ಣಿಸಿ’ ಎಂಬ ಹತ್ತು ಅಂಕದ ಪ್ರಶ್ನೆ ಬಂದಿತ್ತು. ನಾನು ‘ನಡೆದಿಲ್ಲ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದೆ. ಮೇಷ್ಟ್ರು ನನ್ನನ್ನು ಕರೆದು, ಪಾಪ, ಬಹಳ ಅಕ್ಕರೆಯಿಂದಲೇ ಹೇಳಿದರು: “ನಡೆದಿಲ್ಲ ಅಂತ ಒಂದೇ ಮಾತು ಬರೆದ್ರೆ ಹತ್ತು ಅಂಕ ಎಲ್ಲಿಗೆ ಹಾಕಲಿ ನಾನು? ಒಂದು ಸಣ್ಣ ಯುದ್ಧನಾದ್ರೂ ಬರೆಯೋಕೆ ನಿನ್ನ ಗಂಟೇನು ಹೋಗುತ್ತೆ?” ಇನ್ನೊಮ್ಮೆ ಬರೆದುಕೊಡು, ಪಾಸು ಮಾಡುತ್ತೇನೆ ಎಂದರು. ನಾನು ಇನ್ನೊಮ್ಮೆಯೂ ‘ನಡೆದಿಲ್ಲ’ ಎಂದೇ ಬರೆದೆ. ಮುಖ್ಯೋಪಾಧ್ಯಾಯರು ಮನೆಯ ಹಿರಿಯರನ್ನು ಕರೆದುಕೊಂಡು ಬಾ ಎಂದರು. ನನ್ನ ಮನೆಯ ಹಿರಿಯರೆಂದರೆ ಸೋದರಮಾವ. ಮೇಷ್ಟ್ರಿಗೆ ಆ ಯುದ್ಧವನ್ನು ಕಲಿಸಿದವರೂ ಅವರೇ.

ಈ ಕಾರಣಕ್ಕೆ ನಾನು ಮಾವನನ್ನು ಶಾಲೆಗೆ ಕರೆದುಕೊಂಡು ಹೋಗಲಿಲ್ಲ. ಮಾರನೆಯ ದಿನದಿಂದ ನಾನೂ ಹೋಗಲಿಲ್ಲ. ಯಾಕೆ ಬಿಟ್ಟೆ ಎಂದು ಅವರು ನೇರವಾಗಿ ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಏಕೆಂದರೆ ಕೇಳಿದ ಪ್ರಶ್ನೆಗೆ ಅಡ್ಡ ಉತ್ತರ ಕೊಡುವುದು ನನಗೆ ಬರುವುದಿಲ್ಲ, ಮನೆಯಲ್ಲಿ ನನ್ನನ್ನು ‘ತಕ್ಕಡಿ’ ಎಂದು ಕರೆಯುವುದೂ ಅದಕ್ಕೇ. ಆದರೆ ಅವರು “ಲೆಕ್ಕ ತಲೆಗೆ ಹತ್ತಲಿಲ್ಲ ಅಂತ ಕಾಣುತ್ತೆ, ಹೋಗಲಿ ಬಿಡು” ಎಂದು ತಾವೇ ಕಾರಣ ಹುಡುಕಿ, ತಾವೇ ಸಮಾಧಾನ ಮಾಡಿಕೊಂಡರು. ಅದು ಅವರ ಅಭ್ಯಾಸ. ತಮ್ಮ ವಿಷಯದಲ್ಲೂ ಅವರು ಮಾಡಿದ್ದು ಅದನ್ನೇ.

ತಮಗೆ ಮಾವನ ಪರಿಚಯ ಹೇಳಬೇಕಾಗಿಲ್ಲ. ಕಪ್ಪು ಕೊಡೆಯನ್ನು ಮಳೆಗೂ ಬಿಸಿಲಿಗೂ ಬಿಚ್ಚದೆ ಬರೀ ತೋರಿಸುವುದಕ್ಕೆಂದೇ ಹಿಡಿದುಕೊಂಡು, ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ತಮ್ಮ ಅಂಗಳದಲ್ಲಿ ಗೈಡಾಗಿ ನಡೆದವರು ಅವರು. ಅಪ್ಪ ನಮ್ಮನ್ನು ಬಿಟ್ಟುಹೋದ ಮೇಲೆ ಅಮ್ಮನನ್ನೂ ನನ್ನನ್ನೂ ತಮ್ಮ ಮನೆಗೆ ಕರೆತಂದು, ಮುಂದಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟು, ತಾವು ಅತ್ತೆಯ ಜೊತೆ ಅಡುಗೆಮನೆಯ ಪಕ್ಕದ ಕಿರುಕೋಣೆಗೆ ಹೋದವರು. ಆ ಮನೆಯ ಒಲೆ ಉರಿದದ್ದು ತಮ್ಮ ಯುದ್ಧದಿಂದ. ಶಾಲೆ ಬಿಟ್ಟ ನಾನು ಟೈಲರ್ ಅಂಗಡಿಗೆ ಸೇರಿ, ಗಿರಾಕಿಯೊಬ್ಬರಿಗೆ “ಈ ಬಣ್ಣ ನಿಮಗೆ ಒಪ್ಪಲ್ಲ” ಎಂದು ಹೇಳಿ ಹೊರಬಿದ್ದೆ. ಹಣ್ಣಿನ ಅಂಗಡಿಯಲ್ಲಿ ಯಾವುದು ಹುಳಿ ಎಂದು ಕೇಳಿದವರಿಗೆ ತೋರಿಸಿಕೊಟ್ಟು ಹೊರಬಿದ್ದೆ. ಔಷಧಿ ಅಂಗಡಿಯಲ್ಲಿ ಕುಳಿತಲ್ಲಿ ಕೂರಲಾರದೆ ನಾನಾಗಿಯೇ ಹೊರಬಿದ್ದೆ. ಕೊನೆಗೆ ಮಾವನೇ “ನನ್ನ ಜೊತೆ ಬಾ, ಬಾಯಿ ಇದೆಯಲ್ಲ ನಿನಗೆ, ಅಲ್ಲಿ ಅದಕ್ಕೆ ಬೆಲೆ ಇದೆ” ಎಂದು ತಮ್ಮ ಹೆಬ್ಬಾಗಿಲಿಗೆ ಕರೆತಂದರು. ಕನ್ನಡಿಯಂಗಡಿಗೆ ಗೂಳಿಯನ್ನು ಹಗ್ಗ ಹಿಡಿದು ಕರೆತಂದ ಹಾಗಾಯಿತು.

ಇನ್ನು ತಮ್ಮ ಚರಿತ್ರೆಗೆ ಬರುತ್ತೇನೆ. ಇದು ಗುಟ್ಟೇನಲ್ಲ, ಟಿಕೆಟ್ ಕೊಡುವ ಕಿಟಕಿಯಲ್ಲಿ ಇಲಾಖೆಯ ಕಿರುಹೊತ್ತಿಗೆಯನ್ನು ರಾಶಿ ಹಾಕಿಟ್ಟಿದ್ದಾರೆ, ಯಾರೂ ಕೊಳ್ಳುವುದಿಲ್ಲವಾದ್ದರಿಂದ ಟಿಕೆಟ್ ಗುಮಾಸ್ತರು ಅದರ ಮೇಲೆ ಊಟದ ಡಬ್ಬಿ ಇಡುತ್ತಾರೆ. ಚಿಕ್ಕವಳಿದ್ದಾಗ ಮಾವನಿಗಾಗಿ ಕಾಯುತ್ತ ನಾನು ಅದನ್ನು ಅಷ್ಟು ಸಲ ಓದಿದ್ದೇನೆಂದರೆ ಕಣ್ಣುಮುಚ್ಚಿ ಹೇಳಬಲ್ಲೆ.

ತಮ್ಮನ್ನು ಕಟ್ಟಿಸಿದ ಒಡೆಯನಿಗೆ ಕಡಲಿನಿಂದ ಬರುವ ಹಡಗುಗಳ ಭಯ. ಅದಕ್ಕಾಗಿ ಹಡಗುಗಳು ನದಿಯೊಳಗೆ ನುಗ್ಗುವ ದಾರಿಗೆ ಸರಿಯಾಗಿ ತಮ್ಮನ್ನು ನಿಲ್ಲಿಸಿ, ಫಿರಂಗಿಗಳ ಬಾಯಿಯನ್ನು ಆ ಕಡೆಗೇ ತಿರುಗಿಸಬೇಕೆಂದು ತೀರ್ಮಾನವಾಯಿತು. ಒಳ್ಳೆಯ ತೀರ್ಮಾನವೇ. ಆದರೆ ತಮ್ಮನ್ನು ಕಟ್ಟಿದವರಿಗೆ ಅವಸರ ಎಂಬುದು ಗೊತ್ತಿರಲಿಲ್ಲ. ಒಂದು ಬುರುಜು ಏಳುವ ಹೊತ್ತಿಗೆ ಅದನ್ನು ಶುರುಮಾಡಿದ ಕಲ್ಲುಕುಟಿಗರ ಮಕ್ಕಳು ಉಳಿ ಹಿಡಿಯುವಷ್ಟು ದೊಡ್ಡವರಾಗಿದ್ದರು. ಅಷ್ಟರಲ್ಲಿ ಅಳಿವೆಯ ಮರಳು ತನ್ನ ಪಾಡಿಗೆ ತಾನು ಸರಿದು, ಹಡಗಿನ ದಾರಿ ಕಣ್ಣಿಗೆ ಕಾಣದಷ್ಟು ದೂರದ ಇನ್ನೊಂದು ಮಗ್ಗುಲಿಗೆ ಹೋಗಿತ್ತು. ತಾವು ಪೂರ್ತಿಯಾದ ದಿನ ತಮ್ಮ ಎದುರಿಗಿದ್ದದ್ದು ಮೊಣಕಾಲುದ್ದದ ಕೆಸರು ಮತ್ತು ಏಡಿಗಳು. ಅಂದಿನಿಂದ ತಾವು ಆ ಏಡಿಗಳಿಂದ ನಾಡನ್ನು ಕಾಪಾಡಿಕೊಂಡು ಬಂದಿದ್ದೀರಿ. ಒಂದು ಏಡಿಯೂ ತಮ್ಮನ್ನು ದಾಟಿ ಒಳಗೆ ಬಂದು ರಾಜ್ಯ ಕಸಿದುಕೊಂಡ ದಾಖಲೆ ಇಲ್ಲ, ಅಭಿನಂದನೆಗಳು.

ಶತ್ರುಗಳು ಬರಲೇ ಇಲ್ಲ ಎಂದಲ್ಲ. ಬಂದರು, ಮೂರು ಸಲ ಬಂದರು, ಮೂರು ಸಲವೂ ರಸ್ತೆಯಲ್ಲಿ ನಡೆದುಕೊಂಡು ಹಿಂದಿನ ಬಾಗಿಲಿಗೆ ಬಂದರು. ಮೂರು ಸಲವೂ ಒಳಗಿದ್ದ ದಳಪತಿ ಬೀಗದ ಕೈಗೊಂಚಲು ಒಪ್ಪಿಸಿ, ತನ್ನ ಹಾಸಿಗೆ ಪಾತ್ರೆಗಳನ್ನು ಗಾಡಿಗೆ ಹೇರಿಕೊಂಡು ಹೊರಟುಹೋದ. ಎರಡನೆಯ ದಳಪತಿಯಂತೂ ಬಂದವರಿಗೆ ಯಾವ ಬೀಗ ಬಿಗಿ, ಯಾವ ಬಾಗಿಲು ಎತ್ತಿ ತಳ್ಳಬೇಕು ಎಂದು ಒಂದೊಂದನ್ನೂ ತೋರಿಸಿಕೊಟ್ಟ ಎಂದು ಹೊತ್ತಿಗೆಯಲ್ಲಿ ಬರೆದಿದೆ. ನಾವು ಬಾಡಿಗೆ ಮನೆ ಬಿಡುವಾಗಲೂ ಅಷ್ಟು ಸೌಜನ್ಯದಿಂದ ನಡೆದುಕೊಳ್ಳುವುದಿಲ್ಲ.

ಆಮೇಲೆ ಬಂದವರು ತಮ್ಮನ್ನು ಉಪ್ಪಿನ ಉಗ್ರಾಣ ಮಾಡಿದರು. ಉಪ್ಪು ಕರಗಿ ಗೋಡೆ ತಿನ್ನತೊಡಗಿದಾಗ ಉಪ್ಪನ್ನು ಹೊರಹಾಕಿ, ಹಡಗಿನಲ್ಲಿ ಜ್ವರ ಹಿಡಿದು ಬಂದವರನ್ನು ಮಲಗಿಸುವ ಜಾಗ ಮಾಡಿದರು. ಆಮೇಲೆ ಸುಂಕದ ಕಟ್ಟೆ, ಆಮೇಲೆ ಸೆರೆಮನೆ. ಕಡಲಿನ ಕಡೆಯ ದಿಡ್ಡಿ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾದ್ದರಿಂದ ಕೈದಿಗಳು ಸಂಜೆ ಮೀನು ಹಿಡಿಯಲು ಹೋಗಿ ಊಟದ ಹೊತ್ತಿಗೆ ವಾಪಸು ಬರುತ್ತಿದ್ದರಂತೆ. ಕಾಪಾಡಬೇಕಾದ ಕಾಲದಲ್ಲಿ ತಾವು ಯಾರನ್ನೂ ಕಾಪಾಡಲಿಲ್ಲ, ಹಿಡಿದಿಡಬೇಕಾದ ಕಾಲದಲ್ಲಿ ಯಾರನ್ನೂ ಹಿಡಿದಿಡಲಿಲ್ಲ. ಈಗ ಎಲ್ಲ ಕೆಲಸದಿಂದಲೂ ನಿವೃತ್ತರಾದ ಮೇಲೆ ಸರ್ಕಾರವೇ ತಮ್ಮನ್ನು ಕಾಪಾಡುತ್ತಿದೆ; ತಮ್ಮ ಮೈಮೇಲೆ ಯಾರಾದರೂ ಹೆಸರು ಕೆತ್ತಿದರೆ ದಂಡ, ಸುತ್ತಮುತ್ತ ಯಾರಾದರೂ ಗೋಡೆ ಎಬ್ಬಿಸಿದರೆ ನೋಟೀಸು. ಇಂಥ ಹಣೆಬರಹ ಯಾವ ನೌಕರನಿಗೆ ಇದೆ ಹೇಳಿ.

ಹಾಗೆಂದು ತಾವು ಒಂದು ಗುಂಡನ್ನೂ ಹಾರಿಸಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಹಾರಿಸಿದ್ದೀರಿ, ಒಂದು. ಶತ್ರು ಬಂದರೆ ತಡವಾಗಬಾರದೆಂದು ಮೊದಲ ಒಡೆಯನ ಕಾಲದಲ್ಲಿ ಒಂದು ಅಪ್ಪಣೆ ಹೊರಟಿತ್ತು: ಪ್ರತಿವರ್ಷ ಮಳೆಗಾಲ ಮುಗಿದೊಡನೆ ಹಳೆಯ ಮದ್ದು ತೆಗೆದು, ಒಣಗಿದ ಹೊಸ ಮದ್ದನ್ನೂ ಗುಂಡನ್ನೂ ಫಿರಂಗಿಯೊಳಗೆ ತುಂಬಿ ತಯಾರಾಗಿಡಬೇಕು. ಒಡೆಯರು ಬದಲಾದರು, ಬಾವುಟ ಬದಲಾಯಿತು, ಅಪ್ಪಣೆಯನ್ನು ಹಿಂತೆಗೆದುಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ. ಉಪ್ಪಿನ ಕಾಲದಲ್ಲೂ ಜ್ವರದ ಕಾಲದಲ್ಲೂ ತಮ್ಮ ಆಳುಗಳು ವರ್ಷಕ್ಕೊಮ್ಮೆ ನಿಷ್ಠೆಯಿಂದ ಫಿರಂಗಿ ತುಂಬುತ್ತಲೇ ಬಂದರು. ಉಪ್ಪು ಒಣಹಾಕಲು ಜಾಗ ಸಾಲದೆ ಯಾರೋ ಒಂದು ಫಿರಂಗಿಯ ಮೂತಿಯನ್ನು ಒಳಗಡೆಗೆ ತಿರುಗಿಸಿದ್ದೂ ಹಾಗೆಯೇ ಉಳಿದುಬಿಟ್ಟಿತು. ಹೀಗಿರುವಾಗ ಸುಂಕದ ಕಾಲದಲ್ಲಿ ದೊಡ್ಡ ಅಧಿಕಾರಿಯೊಬ್ಬರು ಭೇಟಿಗೆ ಬಂದರು. ಅವರ ಗೌರವಾರ್ಥ ಒಂದು ಬರಿಯ ಸದ್ದಿನ ತೋಪು ಹಾರಿಸಬೇಕಿತ್ತು. ಗುಂಡು ತುಂಬಲು ಅಪ್ಪಣೆ ಇತ್ತು, ತುಂಬಿದ್ದನ್ನು ವರ್ಷದ ನಡುವೆ ತೆಗೆಯಲು ಇರಲಿಲ್ಲ. ಆದ್ದರಿಂದ ತೆಗೆಯಲಿಲ್ಲ. ಬತ್ತಿ ಇಟ್ಟೊಡನೆ ಗುಂಡು ಹೊರಟು, ತಮ್ಮದೇ ಅಡುಗೆಮನೆಯ ಗೋಡೆಯನ್ನು ಸೀಳಿ, ಒಂದು ಹಂಡೆಯನ್ನು ಅಪ್ಪಚ್ಚಿ ಮಾಡಿ ನಿಂತಿತು. ಅಡುಗೆಯವನು ಹೊರಗಿದ್ದ. ತಮ್ಮ ಇಡೀ ಚರಿತ್ರೆಯಲ್ಲಿ ಮದ್ದುಗುಂಡಿಗೆ ಬಿದ್ದ ಜೀವ ಯಾವುದೂ ಇಲ್ಲ, ಆ ಹಂಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಆ ಸೀಳು ಗೋಡೆಯ ಮುಂದೆಯೇ ಮಾವನ ಮಹಾಯುದ್ಧ ನಡೆಯುತ್ತಿತ್ತು. ಕೊಡೆ ಎತ್ತಿ ಅವರು ಕಡಲಿನ ಕಡೆ ತೋರಿಸಿದರೆ, ಬರೀ ಕೆಸರು ಇದ್ದಲ್ಲಿ ಹಡಗುಗಳು ಸಾಲುಗಟ್ಟುತ್ತಿದ್ದವು. ಗೋಡೆಯ ಸೀಳಿನಲ್ಲಿ ಕೈಯಿಟ್ಟು “ಇಲ್ಲಿಂದ ನುಗ್ಗಿದ್ರು ನೋಡಿ, ಇಲ್ಲಿಂದ” ಎಂದರೆ ಮುಂದೆ ನಿಂತವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ವಾಯವ್ಯದ ಬುರುಜಿನಿಂದ ರಾಜಕುಮಾರಿಯೊಬ್ಬಳು ಶತ್ರುವಿಗೆ ಸಿಕ್ಕಬಾರದೆಂದು ದಿನಕ್ಕೆ ನಾಲ್ಕು ಸಲ, ರಜಾದಿನಗಳಲ್ಲಿ ಇನ್ನೂ ಹೆಚ್ಚು ಸಲ, ಕಡಲಿಗೆ ಹಾರುತ್ತಿದ್ದಳು. ಮಳೆನೀರು ಹರಿದುಹೋಗುವ ಮೋರಿಯೊಂದಿದೆಯಲ್ಲ ತಮ್ಮದು, ಅದು ಸುರಂಗವಾಗಿತ್ತು. ಬೆಟ್ಟದಾಚೆಯ ಅರಮನೆಗೆ ಹೋಗುತ್ತಿತ್ತು. ನಿಜವಾಗಿ ಅದು ಹೋಗುವುದು ಬೇಲಿಯಾಚೆ ಅತ್ತೆ ಇಟ್ಟುಕೊಂಡಿರುವ ತಂಪುಪಾನೀಯದ ಅಂಗಡಿಯ ಹಿಂಭಾಗಕ್ಕೆ. ಕತೆ ಕೇಳಿ ಗಂಟಲು ಒಣಗಿದವರು ಅಲ್ಲಿಗೇ ಹೋಗುತ್ತಿದ್ದರಾದ್ದರಿಂದ ಸುರಂಗದ ಮಾತು ಪೂರ್ತಿ ಸುಳ್ಳೆಂದು ಹೇಳಲಾರೆ.

ನಾನು ಬಂದ ಮೇಲೆ ಮಾವ ಮುಂದಿನ ಗುಂಪಿಗೆ ಯುದ್ಧ ಹೇಳುತ್ತಿದ್ದರು, ನಾನು ಹಿಂದಿನ ಗುಂಪಿಗೆ ಹಂಡೆಯ ವಿಷಯ ಹೇಳುತ್ತಿದ್ದೆ. ಎರಡು ಗುಂಪಿನವರೂ ಅತ್ತೆಯ ಅಂಗಡಿಯಲ್ಲಿ ಸೇರಿದಾಗ ಸಣ್ಣಪುಟ್ಟ ಮಾತುಕತೆ ಆಗುತ್ತಿತ್ತು. ಅತ್ತೆ “ಒಬ್ಬರದು ಮೊದಲನೇ ಭಾಗ, ಒಬ್ಬರದು ಎರಡನೇ ಭಾಗ” ಎಂದು ಹೇಗೋ ಸರಿದೂಗಿಸುತ್ತಿದ್ದರು. ಮಾವ ನನ್ನನ್ನು ಒಂದು ದಿನವೂ ಗದರಲಿಲ್ಲ. ಮನೆಗೆ ನಡೆಯುವಾಗ “ನಿನ್ನ ಹಂಡೆಗೆ ಇವತ್ತು ಎಷ್ಟು ಜನ ಅತ್ತರು?” ಎಂದು ಕಾಲೆಳೆಯುತ್ತಿದ್ದರು, ಅಷ್ಟೇ.

ಮಾನ್ಯರೇ, ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ತೊಂದರೆ ಶುರುವಾದದ್ದು ಇಲಾಖೆಗೆ ಸತ್ಯದ ಮೇಲೆ ಒಮ್ಮೆಲೇ ಪ್ರೀತಿ ಬಂದಾಗ. ತಮ್ಮಂಥ ಸಣ್ಣ ಸ್ಮಾರಕಕ್ಕೆ ಒಬ್ಬರೇ ಅಧಿಕೃತ ಗೈಡು, ಅವರು ಇಲಾಖೆಯ ಹೊತ್ತಿಗೆಯಲ್ಲಿ ಇರುವುದನ್ನೇ ಹೇಳತಕ್ಕದ್ದು, ಇಲಾಖೆ ಕೊಟ್ಟ ಗುರುತಿನ ಬಿಲ್ಲೆ ಇಲ್ಲದವರು ಒಳಗೆ ಬಾಯಿ ಬಿಡತಕ್ಕದ್ದಲ್ಲ ಎಂದು ಹೊಸ ನಿಯಮ ಬಂತು. ನನಗೆ ಅರ್ಜಿ ಹಾಕುವ ಮನಸ್ಸಿರಲಿಲ್ಲ. ಮಾವನೇ “ಹಾಕೇ, ನನಗೇನಾದ್ರೂ ತಪ್ಪಿದ್ರೆ ಬಿಲ್ಲೆ ಮನೆ ಬಿಟ್ಟು ಹೊರಗೆ ಹೋಗಬಾರದು” ಎಂದು ಹಾಕಿಸಿದರು. ತಪ್ಪುತ್ತದೆಂದು ಅವರಿಗೆ ಕನಸಿನಲ್ಲೂ ಅನ್ನಿಸಿರಲಿಲ್ಲ. ಅರ್ಜಿ ಹಾಕಿದವರು ನಾವಿಬ್ಬರೇ.

ಸಂರಕ್ಷಣಾಧಿಕಾರಿಗಳು ಬಂದು ನಮ್ಮಿಬ್ಬರನ್ನೂ ಸೀಳು ಗೋಡೆಯ ಹತ್ತಿರ ನಿಲ್ಲಿಸಿದರು. ಒಳ್ಳೆಯ ಮನುಷ್ಯ, ಬಿಸಿಲಿಗೆ ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡಿದ್ದರು. ಮೊದಲು ಮಾವನಿಗೆ ಹೇಳಿ ಎಂದರು. ಮಾವ ಹಿಂದಿನ ದಿನವೆಲ್ಲ ಹೊತ್ತಿಗೆಯನ್ನು ಓದಿ ತಯಾರಾಗಿದ್ದರು. ಉಪ್ಪಿನಿಂದ ಶುರುಮಾಡಿ ಜ್ವರದವರೆಗೂ ಸರಿಯಾಗಿಯೇ ಬಂದರು. ಆದರೆ ಅಷ್ಟರಲ್ಲಿ ಶಾಲಾ ಮಕ್ಕಳ ಒಂದು ಗುಂಪು ಬಂದು ಸುತ್ತ ನಿಂತಿತು. ಮಕ್ಕಳ ಮುಖ ನೋಡಿದ ಮಾವನ ಕೊಡೆ ತಾನಾಗಿಯೇ ಮೇಲೆದ್ದಿತು, ಕೆಸರಿನಲ್ಲಿ ಹಡಗುಗಳು ಸಾಲುಗಟ್ಟಿದವು. ಯುದ್ಧ ಮುಗಿದು ಮಕ್ಕಳು ಚಪ್ಪಾಳೆ ತಟ್ಟಿ ಹೋದ ಮೇಲೆ ಅಧಿಕಾರಿಗಳು ನನ್ನ ಕಡೆ ತಿರುಗಿ, “ಇವರು ಹೇಳಿದ್ದು ಸರೀನಾಮ್ಮ?” ಎಂದು ಕೇಳಿದರು.

ನಾನು “ಇಲ್ಲ” ಎಂದೆ.

ಮಾವನಿಗೆ ಇನ್ನೊಂದು ಅವಕಾಶ ಕೊಡುವ ಮನಸ್ಸು ಅಧಿಕಾರಿಗಳಿಗೂ ಇತ್ತು. “ಹಿರಿಯರೇ, ಪ್ರತಿಯೊಂದು ಮಾತಿನ ಕೊನೆಗೂ ‘ಅಂತ ಜನ ಹೇಳ್ತಾರೆ’ ಅಂತ ಸೇರಿಸಿಬಿಡಿ, ನಮ್ಮ ತಕರಾರಿಲ್ಲ” ಎಂದರು. ಮಾವ “ಇಷ್ಟು ವರ್ಷದಿಂದ ಹೇಳ್ತಿರೋನು ನಾನೊಬ್ಬನೇ ಸ್ವಾಮೀ. ಜನ ಅಂದ್ರೆ ಸುಳ್ಳಾಗುತ್ತಲ್ಲ” ಎಂದರು. ನಾನು ಯಾರ ಮನೆಯವಳು ಎಂಬುದು ನನಗೆ ಸ್ಪಷ್ಟವಾಗಿ ಅರ್ಥವಾದದ್ದು ಆಗ.

ಬಿಲ್ಲೆ ನನಗೆ ಬಂತು. ಮಾವ ಮನೆಯವರೆಗೆ ನನಗಿಂತ ಮುಂದೆ ನಡೆದರು, ಕೊಡೆ ಕಂಕುಳಲ್ಲಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ “ನೀನು ಸರಿಯಾಗೇ ಹೇಳಿದೆ” ಎಂದಷ್ಟೇ ಅಂದು ಒಳಗೆ ಹೋದರು. ಸುಮ್ಮನಿರದವರು ಅತ್ತೆ. “ನೀನೇನೂ ಸುಳ್ಳು ಹೇಳಬೇಕಿರಲಿಲ್ಲ ಕಣೇ. ಕೆಮ್ಮಬಹುದಿತ್ತು. ಕಣ್ಣಿಗೆ ಧೂಳು ಬಿತ್ತು ಅಂತ ಆ ಕಡೆ ತಿರುಗಬಹುದಿತ್ತು. ತಲೆ ತಿರುಗಿ ಬೀಳಬಹುದಿತ್ತು. ದೇವರು ಅಷ್ಟೊಂದು ದಾರಿ ಕೊಟ್ಟಿರುವಾಗ ‘ಇಲ್ಲ’ ಅನ್ನೋದೇ ಆಗಬೇಕಿತ್ತಾ?” ಅಮ್ಮ ಆ ದಿನದಿಂದ ಮಾವ ಬಿಟ್ಟುಕೊಟ್ಟಿದ್ದ ಮುಂದಿನ ಕೋಣೆಯಲ್ಲಿ ಮಲಗುವುದನ್ನು ಬಿಟ್ಟು ನಡುಮನೆಯಲ್ಲಿ ಚಾಪೆ ಹಾಸಿಕೊಳ್ಳತೊಡಗಿದಳು, ಕೇಳಿದರೆ ಸೆಖೆ ಎಂದಳು.

ಇನ್ನು ನಾನೊಬ್ಬಳೇ ತಮ್ಮ ಬಾಯಿಯಾದೆ. ಜನ ಬಂದರು, ಮರಳು ಸರಿದದ್ದನ್ನು ಕೇಳಿದರು, ಬೀಗದ ಕೈಗೊಂಚಲನ್ನು ಕೇಳಿದರು, “ಅಷ್ಟೇನಾ?” ಎಂದರು. ಒಬ್ಬ ಹುಡುಗ ತನಗೆ ಯುದ್ಧ ಬೇಕೇಬೇಕೆಂದು ನೆಲದ ಮೇಲೆ ಉರುಳಾಡಿದ; ಅವನಪ್ಪ ನನ್ನನ್ನು ಪಕ್ಕಕ್ಕೆ ಕರೆದು “ಒಬ್ಬಿಬ್ಬರಾದ್ರೂ ಸತ್ತಿರಬೇಕಲ್ಲಮ್ಮ, ಸರಿಯಾಗಿ ಜ್ಞಾಪಿಸಿಕೋ” ಎಂದು ಬೇಡಿಕೊಂಡ. ಗುಂಪುಗಳು ತೆಳ್ಳಗಾದವು. ಅತ್ತೆಯ ಅಂಗಡಿಯಲ್ಲಿ ಬಾಟಲಿಗಳ ಮೇಲೆ ಧೂಳು ಕೂತಿತು. ಮಾವ ಮಾತ್ರ ದಿನವೂ ಟಿಕೆಟ್ ಕೊಂಡು ಒಳಗೆ ಬಂದು, ಗುಂಪಿನ ಹಿಂದೆ ನಿಂತು, ಊರಿಗೆ ಹೊಸಬರ ಹಾಗೆ ನನ್ನ ಮಾತು ಕೇಳುತ್ತಿದ್ದರು. ಬುರುಜಿನ ಹತ್ತಿರ ಬಂದಾಗ ಅವರ ಕೈ ಮೇಲೇಳಲು ಹೋಗಿ ತಾನೇ ಕೆಳಗಿಳಿಯುತ್ತಿತ್ತು. ಇದನ್ನು ನೋಡಿಕೊಂಡು ದಿನವಿಡೀ ಸತ್ಯ ಹೇಳುವುದು ಎಷ್ಟು ಕಷ್ಟವೆಂದು ತಾವು ಕಲ್ಲಾದ್ದರಿಂದ ತಮಗೆ ತಿಳಿಯುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಹೀಗಿತ್ತು. ಮನಸ್ಸಿನಲ್ಲೇ ಬರೆದು ಎಷ್ಟೋ ಸಲ ತಿದ್ದಿದ್ದೇನೆ. ತಾವು ದಯಮಾಡಿ ಹಿಂದಿನ ತಾರೀಕು ಹಾಕಿ ಒಂದು ಯುದ್ಧ ಮಾಡಿಕೊಡಬೇಕು. ದೊಡ್ಡದೇನೂ ಬೇಡ, ಮಧ್ಯಾಹ್ನದೊಳಗೆ ಮುಗಿಯುವಂಥದ್ದು ಸಾಕು, ಯಾರಿಗೂ ಪೆಟ್ಟಾಗಬಾರದು, ಶತ್ರುಗಳು ಮರ್ಯಾದಸ್ಥರಾಗಿರಬೇಕು. ಅದಕ್ಕೂ ಮುನ್ನ ಮರಳನ್ನು ಮೊದಲಿದ್ದ ಜಾಗಕ್ಕೆ ಕಳಿಸಿ, ಹಡಗುಗಳು ಬರುವಷ್ಟು ನೀರು ತರಿಸಿಕೊಳ್ಳುವುದು ಒಳ್ಳೆಯದು. ಅದೇ ನೀರಿನಲ್ಲಿ ವಾಯವ್ಯದ ಬುರುಜಿನ ಬುಡ ಕೊಂಚ ಆಳವಾದರೆ, ಇಷ್ಟು ವರ್ಷ ಕೆಸರಿಗೆ ಹಾರಿ ಹಾರಿ ಸುಸ್ತಾಗಿರುವ ಹುಡುಗಿಗೂ ಉಪಕಾರವಾಗುತ್ತದೆ. ಮೋರಿಯನ್ನು ಬೆಟ್ಟದಾಚೆಗೆ ಮುಟ್ಟಿಸುವುದು ತಮ್ಮ ಬಿಡುವಿನ ಮೇಲೆ ಬಿಟ್ಟದ್ದು. ಇಷ್ಟಾದರೆ ನಮ್ಮ ಮಾವ ಒಂದಕ್ಷರ ಬದಲಿಸದೆ ಪ್ರಾಮಾಣಿಕರಾಗುತ್ತಾರೆ.

ತಾವು ಎಂದಿನಂತೆ ಏನೂ ಮಾಡಲಿಲ್ಲ. ಆದರೆ ಒಂದು ದಿನ ವಯಸ್ಸಾದ ಹೆಂಗಸೊಬ್ಬರು ನನ್ನ ಚರಿತ್ರೆಯನ್ನೆಲ್ಲ ಕೇಳಿ, ಸೀಳು ಗೋಡೆಯ ನೆರಳಲ್ಲಿ ಕಾಲು ಚಾಚಿ ಕೂತು, “ಹಂಗಾದ್ರೆ ಇಲ್ಲಿ ಯಾವ ತಾಯಿನೂ ಅಳಲಿಲ್ಲ ಅನ್ನು. ಇದ್ದರೆ ಇಂಥ ಕೋಟೆ ಇರಬೇಕು ಬಿಡವ್ವ” ಎಂದರು. ಅವರ ಮಗನೊಬ್ಬ ಯಾವುದೋ ಗಡಿಯಲ್ಲಿದ್ದಾನಂತೆ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಮಾವ, ಟಿಕೆಟ್ ಕೊಂಡ ಪ್ರೇಕ್ಷಕನ ಹಕ್ಕಿನಿಂದ, ಕೈ ಎತ್ತಿ ಕೇಳಿದರು: “ಗೈಡಮ್ಮಾ, ಆ ಬುರುಜಿಂದ ರಾಜಕುಮಾರಿ ಯಾರಾದ್ರೂ ಹಾರಿದ್ದಾರಾ?”

“ಇಲ್ಲ” ಎಂದೆ.

“ಹಾರಿದ್ರೆ ಏನಾಗ್ತಿತ್ತು?”

“ಮೊಣಕಾಲವರೆಗೆ ಕೆಸರಾಗ್ತಿತ್ತು. ಎದ್ದು ಮನೆಗೆ ಹೋಗ್ತಿದ್ಲು.”

“ಮನೇಲಿ ಬೈತಿದ್ರಾ?”

“ಅತ್ತೆ ಇದ್ರೆ ಬೈತಿದ್ರು.”

ಆ ಹೆಂಗಸು ನಕ್ಕರು, ಉಳಿದವರೂ ನಕ್ಕರು. ಅಂದಿನಿಂದ ಮಾವ ಕೇಳುವುದು, ನಾನು ಹೇಳುವುದು ಶುರುವಾಯಿತು. ಹಡಗು ಬಂದಿದ್ದರೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು, ಕೈಗೊಂಚಲು ಕೊಟ್ಟ ದಳಪತಿಯ ಹೆಂಡತಿ ಗಾಡಿಯಲ್ಲಿ ಏನು ಮರೆತು ಬಂದಿರಬಹುದು, ಮೀನಿಗೆ ಹೋದ ಕೈದಿಗೆ ಮೀನು ಸಿಗದಿದ್ದರೆ ಜೈಲರು ಏನೆನ್ನುತ್ತಿದ್ದ, ಹೀಗೆ ಅವರ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಗೊತ್ತಿರುವುದಕ್ಕೆ ಉತ್ತರ ಕೊಡುತ್ತಿದ್ದೆ, ಇಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದೆ. ಗುಂಪುಗಳು ಮತ್ತೆ ದಪ್ಪಗಾದವು, ಅತ್ತೆ ಬಾಟಲಿಗಳ ಧೂಳು ಒರೆಸಿದರು. ಇಂಥದೇ ಒಂದು ಗುಂಪಿನಲ್ಲಿ ಬಂದಿದ್ದ ಮೆಕ್ಯಾನಿಕ್ ಅಕ್ಕನೊಬ್ಬರು ಯುದ್ಧವನ್ನೂ ರಾಜಕುಮಾರಿಯನ್ನೂ ಬಿಟ್ಟು, ಫಿರಂಗಿಯೊಳಗೆ ಕೈಹಾಕಿ ನೋಡಿ, “ತುಂಬೋಕೆ ಆಳಿದ್ದ, ತೆಗೆಯೋಕೆ ಇರಲಿಲ್ಲ. ನಮ್ಮ ಶೆಡ್ಡಿನಲ್ಲೂ ಇದೇ ರೋಗ” ಎಂದರು. ಬೇರೆ ಊರಿನ ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಶೆಡ್ಡು ನಡೆಸುವ ಅವರಿಗೆ, ಕೆಟ್ಟದ್ದನ್ನು ಕೆಟ್ಟಿದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವರು ಬೇಕಾಗಿದ್ದರಂತೆ. ನಾನು ಆ ದಿನವೆಲ್ಲ ಅದನ್ನೇ ಯೋಚಿಸಿದೆ.

ಯೋಚಿಸಲು ಹೆಚ್ಚು ಹೊತ್ತು ಸಿಗಲಿಲ್ಲ. ಬಿಲ್ಲೆ ಇಲ್ಲದವರೊಬ್ಬರು ಒಳಗೆ ಬಾಯಿ ಬಿಡುತ್ತಿದ್ದಾರೆಂದು ಟಿಕೆಟ್ ಗುಮಾಸ್ತರು ಮೇಲಕ್ಕೆ ತಿಳಿಸಿದ್ದರು. ಅಧಿಕಾರಿಗಳು ಬಂದು, ಒಂದು ಸುತ್ತು ನಮ್ಮ ಹಿಂದೆ ನಡೆದು, ಎರಡು ಸಲ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, ಆಮೇಲೆ ಮುಖ ಸರಿಮಾಡಿಕೊಂಡು “ಚೆನ್ನಾಗಿದೆ, ಆದ್ರೆ ನಾಳೆಯಿಂದ ಇವರು ಮಾತಾಡೋ ಹಾಗಿಲ್ಲ” ಎಂದರು. ಒಂದು ಕೋಟೆಗೆ ಒಂದು ಬಿಲ್ಲೆ. ನಾನು ಬಿಲ್ಲೆ ಬಿಟ್ಟರೆ ಯಾರಿಗೆ ಹೋಗುತ್ತದೆ ಎಂದು ಕೇಳಿದೆ. ಎರಡನೆಯ ಅರ್ಜಿದಾರರಿಗೆ, ಅವರು ಹೊತ್ತಿಗೆಯ ಪ್ರಕಾರ ಹೇಳಿ ತೋರಿಸಿದರೆ, ಎಂದರು. ಮಾವ “ಏನೇ ಇದು” ಎಂದು ನನ್ನ ರಟ್ಟೆ ಹಿಡಿದರು. ನಾನು ಬಿಲ್ಲೆ ಬಿಚ್ಚಿ ಅಧಿಕಾರಿಗಳ ಕೈಗೆ ಕೊಟ್ಟು, ಈಗಲೇ ಕೇಳಿ ಎಂದೆ.

ಇದನ್ನು ತ್ಯಾಗವೆಂದು ತಾವು ತಿಳಿಯಬೇಕಾಗಿಲ್ಲ. ಮಾವನ ಕೈ ಕೆಳಗಿಳಿಯುವುದನ್ನು ಇನ್ನು ನೋಡಲಾರೆ ಎಂಬುದು ಎಷ್ಟು ನಿಜವೋ, ತಮ್ಮ ಬೆಂಚಿನ ಮೇಲೆ ಕೂತು ಕೂತು ನನ್ನ ಕಾಲು ಜೋಮು ಹಿಡಿದಿದೆ ಎಂಬುದೂ ಅಷ್ಟೇ ನಿಜ.

ಮಾವ ಸೀಳು ಗೋಡೆಯ ಮುಂದೆ ನಿಂತರು. ಕೊಡೆ ಎತ್ತಲಿಲ್ಲ. ಸುಂಕದ ಕಾಲದಿಂದ ಶುರುಮಾಡಿದರು. ಆಳು ಬತ್ತಿ ಇಟ್ಟದ್ದು, ದೊಡ್ಡ ಅಧಿಕಾರಿಯ ಟೋಪಿ ಹಾರಿದ್ದು, ಸದ್ದು ನಿಂತ ಮೇಲೆ ಹಂಡೆಯ ಮುಚ್ಚಳವೊಂದೇ ಅಂಗಳದ ತುಂಬ ಉರುಳಿಕೊಂಡು ಹೋಗಿ ಎಲ್ಲರ ಮುಂದೆ ಗಿರಗಿರ ತಿರುಗಿ ಮಲಗಿದ್ದು. ಸುತ್ತ ನಿಂತಿದ್ದವರು ಮುಚ್ಚಳಕ್ಕೆ ದಾರಿ ಬಿಡುವವರ ಹಾಗೆ ಕಾಲು ಹಿಂದಿಟ್ಟರು. ಆ ಹಂಡೆಗಾಗಿ ನನಗೇ ಕಣ್ಣು ತುಂಬಿ ಬಂತು. ಅಷ್ಟು ವರ್ಷ ಅದನ್ನು ಹೇಳಿದ್ದ ನನಗೆ ಅದರ ಮುಚ್ಚಳವೂ ಕಂಡಿರಲಿಲ್ಲ. “ಅಡುಗೆಯವನು ಆಗ ಸೊಪ್ಪು ಕೀಳೋಕೆ ಹೊರಗೆ ಹೋಗಿದ್ದ, ಬದುಕಿಕೊಂಡ” ಎಂದು ಮಾವ ಮುಗಿಸಿದರು. ಅಧಿಕಾರಿಗಳು ಮತ್ತೆ ನನ್ನ ಕಡೆ ತಿರುಗಿ, “ಸರೀನ?” ಎಂದರು.

ಅತ್ತೆ ಬೇಲಿಯಾಚೆಯಿಂದ ಜೋರಾಗಿ ಕೆಮ್ಮಿದರು.

ನಾನು, “ಅಡುಗೆಯವನು ಹೊರಗಿದ್ದ ಅಂತ ಮಾತ್ರ ಇದೆ. ಸೊಪ್ಪಿನ ವಿಷಯ ಇಲ್ಲ, ಟೋಪಿ ಇಲ್ಲ, ಮುಚ್ಚಳನೂ ಇಲ್ಲ” ಎಂದೆ.

“ಅಡುಗೆಯವನು ಹೊರಗೆ ಸುಮ್ನೆ ನಿಂತಿರ್ತಾನೇನೇ?” ಎಂದು ಮಾವ ನನ್ನ ಮೇಲೆ ರೇಗಿದರು. “ಹಂಡೆ ಅಂದ ಮೇಲೆ ಮುಚ್ಚಳ ಇರಲ್ವಾ?”

ಅಧಿಕಾರಿಗಳು ಹೊತ್ತಿಗೆಯನ್ನು ತಿರುವಿ ನೋಡಿದರು, ಗೋಡೆಯನ್ನು ನೋಡಿದರು, ನಮ್ಮಿಬ್ಬರನ್ನೂ ನೋಡಿದರು. “ಟೋಪಿ ಬೇಡ, ಅದು ಸರ್ಕಾರಿ ಅಧಿಕಾರಿಯದ್ದು” ಎಂದರು. “ಸೊಪ್ಪು, ಮುಚ್ಚಳಕ್ಕೆ ನಮ್ಮ ಅಭ್ಯಂತರ ಇಲ್ಲ.” ಬಿಲ್ಲೆಯನ್ನು ಮಾವನ ಅಂಗಿಗೆ ತಾವೇ ಚುಚ್ಚಿದರು.

ಹೀಗಾಗಿ, ಮಾನ್ಯರೇ, ನನ್ನ ದೂರು ತಮ್ಮಿಂದ ಯಾವ ಸಹಾಯವೂ ಇಲ್ಲದೆ ಬಗೆಹರಿದಿದೆ. ಏನೂ ಮಾಡದೆ ಎಲ್ಲವನ್ನೂ ಸಾಗಿಸಿಕೊಳ್ಳುವ ತಮ್ಮ ಹಳೆಯ ಪದ್ಧತಿಗೆ ನಾನು ತಲೆಬಾಗುತ್ತೇನೆ. ಮುಂದೆಂದಾದರೂ ತಮಗೆ ಯುದ್ಧ ಮಾಡುವ ಮನಸ್ಸು ಬಂದರೂ ದಯವಿಟ್ಟು ಮಾಡಬೇಡಿ. ಹೊತ್ತಿಗೆಯನ್ನು ತಿದ್ದಬೇಕಾಗುತ್ತದೆ, ಮಾವ ಈಗಷ್ಟೇ ಕಲಿತಿದ್ದಾರೆ.

ಇಂತು ತಮ್ಮಲ್ಲಿ ವಿಶ್ವಾಸವಿದ್ದೂ ತಮ್ಮನ್ನು ಎಂದೂ ನಂಬಿಕೊಳ್ಳದ,
ತಮ್ಮ ವಿಶ್ವಾಸಿ,
ಮಾಜಿ ಗೈಡು

ಮರೆತ ಮಾತು: ಹೊತ್ತಿಗೆಯ ಹೊರಗಿನದನ್ನು ಹೇಳುವಂತಿಲ್ಲವಾದ್ದರಿಂದ ಮಾವ ಈಗ ಹೊರಗಿನವರಿಗೆ ನನ್ನ ಬಗ್ಗೆ ಹೇಳತೊಡಗಿದ್ದಾರೆ. ದೂರದ ದೊಡ್ಡ ವಸ್ತುಸಂಗ್ರಹಾಲಯವೊಂದರಿಂದ ನನಗೆ ಕರೆ ಬಂದಿದೆಯೆಂದೂ, ಕಾರು ಕಳಿಸುತ್ತಾರೆಂದೂ ಇವತ್ತು ಮಧ್ಯಾಹ್ನ ಒಂದು ಗುಂಪಿಗೆ ಹೇಳುತ್ತಿದ್ದುದನ್ನು ತಾವೂ ಕೇಳಿಸಿಕೊಂಡಿದ್ದೀರಿ, ಎಂದಿನಂತೆ ಸುಮ್ಮನಿದ್ದೀರಿ. ಕರೆ ಬಂದಿರುವುದು ಎಂಜಿನ್ ರಿಪೇರಿ ಶೆಡ್ಡಿನಿಂದ. ಕಾರು ಬರುವುದಿಲ್ಲ. ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಹೊರಡುತ್ತಿದ್ದೇನೆ.